ಮೂಲೆಮನೆಯ ಮಾತಾಡುವ ಪೆಟ್ಟಿಗೆ

ಅಕ್ಟೋಬರ್ ಹನ್ನೊಂದು, ಮಂಗಳವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಡ್ರೀಸ್ ಕಾಲಂಟ್ ಎಂಬವರು ಗೇಲ್ ಪಟ್ಟಣದ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ತಮ್ಮ ಮನೆಯ ಮುಂಬಾಗಿಲ ಪಕ್ಕದಲ್ಲಿದ್ದ ಕರೆಗಂಟೆಯ ಪೆಟ್ಟಿಗೆಯನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ ಎಂಬುದು ದೂರಿನ ಸಾರಾಂಶ. ಇನ್ಸ್‌ಪೆಕ್ಟರ್ ಗ್ರೀಟ್ ಸೆಗರ್ಸ್ ಸ್ವತಃ ಬರೆದುಕೊಂಡರು. ಇಂಥ ಸಣ್ಣ ದೂರನ್ನು ಬರೆದುಕೊಳ್ಳಲು ಇನ್ಸ್‌ಪೆಕ್ಟರ್ ಬೇಕಿರಲಿಲ್ಲ. ಆದರೆ ಗ್ರೀಟ್ ಸಮುದ್ರ ತೀರದ ಊರಿನಿಂದ ವರ್ಗವಾಗಿ ಬಂದು ಏಳು ತಿಂಗಳಾಗಿತ್ತು, ಈ ಏಳು ತಿಂಗಳಲ್ಲಿ ಅವರ ಮೇಜಿಗೆ ಬಂದಿದ್ದ ದೊಡ್ಡ ಪ್ರಕರಣವೆಂದರೆ ಕಾಲುವೆಗೆ ಬಿದ್ದ ಒಂದು ಹೋತ. ಕೈ ಖಾಲಿ ಇತ್ತು.

"ಕರೆಗಂಟೆ ತಾನೇ?" ಗ್ರೀಟ್ ಕೇಳಿದರು.

"ಬರೀ ಗಂಟೆ ಅಲ್ಲ ಮೇಡಂ. ಕ್ಯಾಮೆರಾ, ಮೈಕು, ಸ್ಪೀಕರ್ ಎಲ್ಲಾ ಅದರಲ್ಲೇ ಇದೆ. ಗೇಟಿನ ಹತ್ರ ಯಾರು ಬಂದ್ರೂ ನಾನು ಆಂಟ್‌ವರ್ಪಿನ ಆಫೀಸಲ್ಲಿ ಕೂತು ಫೋನಲ್ಲಿ ನೋಡಬಹುದು."

"ಇವತ್ತು ಏನು ನೋಡಿದ್ರಿ?"

"ಏಳು ಇಪ್ಪತ್ತಕ್ಕೆ ಒಂದು ನೀಲಿ ಚೌಕುಳಿ ಬಟ್ಟೆ. ಆಮೇಲೆ ಕತ್ತಲೆ."

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅನುಮಾನ ಯಾಕೆ, ಖಾತ್ರಿನೇ ಇದೆ. ಫಿರ್ಮಿನ್ ಅಂತ ಒಬ್ಬ ಇದ್ದಾನಲ್ಲ, ನಾಲ್ಕು ಮನೆ ಆಚೆ ಲಿಯೋನಿ ವೆರ್ಡಾಂಕ್ ಮನೇಲಿ ಇರೋನು. ದಿನಾ ನನ್ನ ಗೇಟು ಮುಟ್ಟಿ ಹೋಗ್ತಾನೆ. ಅವನಿಗೆ ತಲೆ ಸರಿ ಇಲ್ಲ ಅಂತ ಮನೆ ಕೊಂಡ್ಕೊಳ್ಳೋವಾಗ ನಂಗ್ಯಾರೂ ಹೇಳ್ಲಿಲ್ಲ."

ಅದನ್ನು ಹೇಳುವ ರೂಢಿಯೇ ನಮ್ಮ ಊರಿನಲ್ಲಿಲ್ಲ. ಮನಸ್ಸಿನ ಕಾಯಿಲೆ ಇರುವವರನ್ನು ಮನೆಯೊಳಗೆ ಇಟ್ಟುಕೊಂಡು ಸಾಕುವುದು ಇಲ್ಲಿ ನೂರಾರು ವರ್ಷಗಳಿಂದ ನಡೆದುಬಂದಿದೆ. ಅವರಿಗೆ ಬಿಡಾರದವರು ಎನ್ನುತ್ತೇವೆ. ಯಾರ ಮನೆಯಲ್ಲಿ ಬಿಡಾರದವರಿದ್ದಾರೆ, ಯಾರಿಗೆ ಏನು ಕಾಯಿಲೆ ಎಂದು ಕೇಳುವುದು ನೆಂಟರ ಮನೆಗೆ ಹೋಗಿ ಅಡುಗೆ ಪಾತ್ರೆಯ ಮುಚ್ಚಳ ತೆಗೆದು ನೋಡಿದಷ್ಟೇ ಅಸಭ್ಯ. ಕಾಲಂಟ್ ಪಾಪ ಹೊಸಬ, ಬಂದು ಎರಡು ತಿಂಗಳಾಗಿತ್ತು. ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಗ್ರೀಟ್ ಮತ್ತು ಕಾನ್‌ಸ್ಟೆಬಲ್ ರಿಕ್ ಹಾವರ್ಮಾನ್ಸ್ ಕಾಲಂಟ್ ಅವರ ಮೂಲೆಮನೆಗೆ ಹೋಗಿ ಪಂಚನಾಮೆ ಮಾಡಿದರು. ಗೋಡೆಯಲ್ಲಿ ಎರಡು ಸ್ಕ್ರೂ ತೂತು, ಕಡಿದ ಒಂದು ವೈರು, ಇಟ್ಟಿಗೆಯ ಮೇಲೆ ಒಂದು ಗೀರು. ಚಪ್ಪಟೆ ಬಾಯಿಯ ಏನನ್ನೋ ಹಿಂದೆ ತುರುಕಿ ಮೀಟಿದ್ದಾರೆ. ಗೀರಿನಲ್ಲಿ ಸ್ವಲ್ಪ ಒಣ ಮಣ್ಣು ಅಂಟಿತ್ತು.

"ತೋಟದ ಹತಾರ ಇರಬೇಕು," ಎಂದ ರಿಕ್. "ಈ ಬೀದೀಲಿ ಎಲ್ಲರ ಹತ್ರಾನೂ ಇದೆ."

"ನೀಲಿ ಚೌಕುಳಿ ಬಟ್ಟೆ?"

"ಅದು ನಮ್ಮಮ್ಮನ ಹತ್ರಾನೂ ಡಜನ್ ಇದೆ ಮೇಡಂ. ಪಾತ್ರೆ ಒರೆಸೋದು. ಇಡೀ ಊರಿಗೆ ಒಂದೇ ಅಂಗಡಿ."

ಮಧ್ಯಾಹ್ನ ಆಸ್ಪತ್ರೆಯಿಂದ ನರ್ಸ್ ಹಿಲ್ಡ ಫೋನ್ ಮಾಡಿದಳು. ಬಿಡಾರದ ಮನೆಗಳಿಗೆ ವಾರವಾರ ಹೋಗಿ ನೋಡಿಕೊಳ್ಳುವವಳು ಅವಳು. ದೂರಿನ ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು.

"ಮೇಡಂ, ಶುಕ್ರವಾರ ನಮ್ಮ ಸಮಿತಿ ಕೂರುತ್ತೆ. ಫಿರ್ಮಿನ್ ಹೆಸರು ಪೊಲೀಸ್ ಕೇಸಲ್ಲಿ ಇದ್ರೆ ಅವನನ್ನ ವಾರ್ಡಿಗೆ ವಾಪಸ್ ಕರೆಸಿಕೊಳ್ಳಬೇಕಾಗುತ್ತೆ. ಅವನಿಗೆ ಸ್ಕಿಜೋಫ್ರೇನಿಯಾ. ಇಪ್ಪತ್ತೈದರ ವಯಸ್ಸಲ್ಲಿ ಲಿಯೋನಿ ಮನೆಗೆ ಬಂದೋನು, ಈಗ ತಲೆ ಬೆಳ್ಳಗಾಗಿದೆ. ಅಲ್ಲಿಂದ ಕಿತ್ರೆ ಅವನು ಉಳಿಯಲ್ಲ."

"ಅವನು ಈಚೆಗೆ ಹೇಗಿದ್ದಾನೆ?"

"ಚೆನ್ನಾಗಿಲ್ಲ. ಹೊಸ ದನಿ ಕೇಳುತ್ತೆ ಅಂತಿದ್ದ. ಲಿಯೋನಿ ಅಮ್ಮ ಭಯಪಟ್ಟು ನಂಗೆ ಹೇಳಿದ್ರು, ನಾನು ಡಾಕ್ಟರಿಗೆ ಹೇಳ್ದೆ. ಮಾತ್ರೆ ಜಾಸ್ತಿ ಮಾಡಿದ್ರು. ಆಮೇಲಿಂದ ತೂಕಡಿಸ್ತಾನೆ, ಕೈ ನಡುಗುತ್ತೆ."

ಎಲ್ಲವೂ ಫಿರ್ಮಿನ್ ಕಡೆಗೇ ಬೆರಳು ಮಾಡುತ್ತಿತ್ತು. ಗ್ರೀಟ್‌ಗೆ ಅದು ಇಷ್ಟವಾಗಲಿಲ್ಲ. ಅಷ್ಟು ಸಲೀಸಾಗಿ ಕೈಗೆ ಬರುವ ಅಪರಾಧಿಯನ್ನು ಅವರು ಎಂದೂ ನಂಬಿದವರಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಕಾಲಂಟ್ ಮತ್ತೆ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು.

"ಮೇಡಂ, ಪೆಟ್ಟಿಗೆ ವಾಪಸ್ ಬಂದಿದೆ."

"ಒಳ್ಳೇದಾಯ್ತಲ್ಲ."

"ಎರಡು ಬಂದಿವೆ."

ಗ್ರೀಟ್ ಹೋಗಿ ನೋಡಿದಾಗ ಮೆಟ್ಟಿಲ ಮೇಲೆ ಅದೇ ಕಂಪನಿಯ ಎರಡು ಪೆಟ್ಟಿಗೆಗಳು ಕುಳಿತಿದ್ದವು. ಎರಡೂ ಹೊಚ್ಚ ಹೊಸವು, ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಒಂದರ ಮೇಲೆ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಇಟ್ಟಿದ್ದರು. ರಿಕ್ ನಗು ತಡೆಯಲಾರದೆ ಬೇಲಿಯ ಕಡೆ ತಿರುಗಿ ನಿಂತ.

"ನಿಂಗೆ ಗೊತ್ತಿದ್ರೆ ಹೇಳಪ್ಪ," ಎಂದರು ಗ್ರೀಟ್.

"ಬಿಸ್ಕತ್ತು ನೋಡಿದ್ರೇ ಗೊತ್ತಾಗುತ್ತೆ ಮೇಡಂ. ಬೇಕರಿ ಎಮಿಲ್ ಅಣ್ಣಂದು."

ಬೇಕರಿಯ ಎಮಿಲ್ ಮೊದಲು ಏನೂ ಗೊತ್ತಿಲ್ಲ ಎಂದ. ಎರಡನೆಯ ಸಲ ಕೇಳಿದಾಗ ಬಾಗಿಲು ಮುಚ್ಚಿ ಪಿಸುದನಿಯಲ್ಲಿ ಹೇಳಿದ.

"ನಮ್ಮನೇಲಿ ಬ್ಲಾಂಶ್ ಇದ್ದಾಳಲ್ಲ ಮೇಡಂ. ವೈರು ಇರೋದು ಏನು ಕಂಡ್ರೂ ತಂದು ಮಂಚದ ಕೆಳಗೆ ಇಟ್ಕೊಳ್ತಾಳೆ. ಕದ್ದು ಕೇಳೋರು ಇದ್ದಾರೆ ಅಂತ ಅವಳಿಗೆ ಭಯ. ಅವಳೇ ತಂದಿರಬೇಕು ಅಂದ್ಕೊಂಡೆ."

"ಮಂಚದ ಕೆಳಗೆ ನೋಡಿದ್ರಾ?"

ಎಮಿಲ್‌ಗೆ ಆ ಪ್ರಶ್ನೆಯೇ ಸರಿ ಬರಲಿಲ್ಲ. "ಅದು ಅವಳ ಮಂಚ, ನಾನು ಹೇಗೆ ನೋಡಲಿ? ಹೊಸದು ತಂದಿಟ್ಟೆ, ಮುಗೀತು."

ಎರಡನೆಯ ಪೆಟ್ಟಿಗೆ ಸೈಕಲ್ ಅಂಗಡಿಯ ಯೋರಿಸ್‌ನದು. ಅವನ ಮನೆಯಲ್ಲಿ ಹೆಂಡ್ರಿಕ್ ಎಂಬಾತ ಇದ್ದಾನೆ. ಅವನ ಕಾಯಿಲೆ ಬೈಪೋಲಾರ್. ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳುವುದಿಲ್ಲ, ಕೆಲವು ವಾರ ನಿದ್ದೆಯನ್ನೇ ಮಾಡದೆ ಊರಿನ ಯಂತ್ರಗಳನ್ನೆಲ್ಲ ಬಿಚ್ಚಿ ಉತ್ತಮಗೊಳಿಸಲು ಹೊರಡುತ್ತಾನೆ.

"ಈಗ ಅವನಿಗೆ ಏರು ಕಾಲ ಮೇಡಂ. ಮೊನ್ನೆ ನಮ್ಮ ಕಾಫಿ ಯಂತ್ರ ಬಿಚ್ಚಿ ಹಾಕ್ದ. ಇದೂ ಅವನದೇ ಕೆಲಸ ಇರಬೇಕು ಅಂತ ನಾನೇ ಅಂದ್ಕೊಂಡೆ," ಎಂದ ಯೋರಿಸ್.

"ಅವನನ್ನ ಕೇಳಿದ್ರಾ?"

"ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ವಾ?"

ಠಾಣೆಗೆ ವಾಪಸಾಗುವಾಗ ಗ್ರೀಟ್ ಕಾರಿನಲ್ಲಿ ರಿಕ್‌ನನ್ನು ತರಾಟೆಗೆ ತೆಗೆದುಕೊಂಡರು. "ಎಂಥ ಜನ ಕಣೋ ನೀವು? ಕದ್ದಿದ್ದಾನಾ ಇಲ್ವಾ ಅಂತ ಒಂದು ಮಾತು ಕೇಳೋದಿಲ್ಲ. ಅಂಗಡಿಗೆ ಓಡ್ತೀರಿ."

"ನಮ್ಮನೇಲೂ ಹಾಗೇ ಮೇಡಂ," ಎಂದ ರಿಕ್. ಅವನ ಮನೆಯಲ್ಲೂ ಅವನು ಹುಟ್ಟುವ ಮೊದಲಿನಿಂದ ಒಬ್ಬರು ಬಿಡಾರದವರಿದ್ದರು. "ನಂಗೆ ಮಾತು ಬರೋಕೆ ಶುರುವಾದಾಗಲೇ ಹೇಳಿಕೊಟ್ಟಿದ್ರು. ಅವರಿಗೆ ಏನಾದ್ರೂ ಕಾಣ್ಸುತ್ತೆ, ಕೇಳ್ಸುತ್ತೆ ಅಂದ್ರೆ ಇಲ್ಲ ಅಂತ ವಾದ ಮಾಡಬಾರದು. ಹೌದು ಅಂತ ಸುಳ್ಳೂ ಹೇಳಬಾರದು. 'ನಂಗೆ ಕೇಳ್ಸ್ತಿಲ್ಲ, ನಿಂಗೆ ಕೇಳ್ಸ್ತಿರಬಹುದು, ಬಾ ಕಾಫಿ ಕುಡಿಯೋಣ' ಅನ್ನಬೇಕು. ಅಷ್ಟೇ."

ಮಾತು ಒಳ್ಳೆಯದೇ. ಡಾಕ್ಟರುಗಳೂ ಈಗ ಅದನ್ನೇ ಹೇಳುತ್ತಾರೆ. ಆದರೆ ಪೊಲೀಸ್ ಕೆಲಸಕ್ಕೆ ಕಾಫಿ ಕುಡಿದರೆ ಸಾಲದು, ಕೇಳಲೇಬೇಕು. ಗ್ರೀಟ್ ಕಾರು ತಿರುಗಿಸಲು ಹೇಳಿದರು.

ಲಿಯೋನಿ ವೆರ್ಡಾಂಕ್‌ಗೆ ಎಪ್ಪತ್ತನಾಲ್ಕು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವರೂ ಫಿರ್ಮಿನ್ನೂ ಇಬ್ಬರೇ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕುಳಿತಿದ್ದ ಅವರು ಪೊಲೀಸರನ್ನು ನೋಡಿ ಚಾಕು ಕೆಳಗಿಟ್ಟರು.

"ಅವನು ಏನೂ ಮಾಡಿಲ್ಲ," ಎಂದರು, ಯಾರೂ ಏನೂ ಕೇಳುವ ಮೊದಲೇ.

"ಅವನ ಹತ್ರಾನೇ ಮಾತಾಡಬೇಕಿತ್ತು ಅಮ್ಮ."

"ಅವನನ್ನ ಯಾಕೆ ಕೇಳ್ತೀರಿ? ರಿಕ್, ನೀನಾದ್ರೂ ಹೇಳೋ."

ರಿಕ್ ನೆಲ ನೋಡಿದ. ಅಷ್ಟರಲ್ಲಿ ಫಿರ್ಮಿನ್ ತಾನಾಗಿಯೇ ಒಳಕೋಣೆಯಿಂದ ಬಂದು ಕುರ್ಚಿ ಎಳೆದು ಕುಳಿತ. ಉದ್ದನೆಯ ಮನುಷ್ಯ, ಕೈ ಸಣ್ಣಗೆ ನಡುಗುತ್ತಿತ್ತು. ಅವನು ಮಾತಿಗೆ ಮೊದಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ. ಗ್ರೀಟ್ ಕಾದರು.

"ಕಾಲಂಟ್ ಅವರ ಗೇಟು ಯಾಕೆ ಮುಟ್ತೀರಿ?"

"ಚಿಲಕ ಹಾಕೋಕೆ. ಮೊದಲು ಅಲ್ಲಿದ್ದ ಅಜ್ಜಿ ಹೇಳಿದ್ರು, ಫಿರ್ಮಿನ್, ಈ ಗೇಟು ತಾನಾಗಿ ಮುಚ್ಕೊಳ್ಳಲ್ಲ, ನೋಡ್ಕೋ ಅಂತ. ಅವರು ಸತ್ತರು. ಸಾಕು ಅಂತ ಯಾರೂ ಹೇಳಿಲ್ಲ."

"ಪೆಟ್ಟಿಗೆ ಕಿತ್ತಿದ್ದು ನೀವಾ?"

ಲಿಯೋನಿ ಎದ್ದು ನಿಂತರು. ಫಿರ್ಮಿನ್ ಬೇಜಾರು ಮಾಡಿಕೊಳ್ಳಲಿಲ್ಲ. ಯಾರೋ ಕೊನೆಗೂ ಕೇಳಿದರಲ್ಲ ಎಂಬ ಸಮಾಧಾನವೇ ಅವನ ಮುಖದಲ್ಲಿ ಕಾಣುತ್ತಿತ್ತು.

"ನಾನಲ್ಲ. ಅದು ನನ್ನ ಹೆಸರು ಹಿಡಿದು ಮಾತಾಡ್ತಿತ್ತು. ನಂಗೆ ಅದರ ಹತ್ರ ಹೋಗೋಕೇ ಭಯ. ಕೈ ಉದ್ದ ಮಾಡಿ ಚಿಲಕ ಹಾಕಿ ಓಡ್ತಿದ್ದೆ."

"ಏನು ಹೇಳ್ತಿತ್ತು?"

"'ನೋಡ್ತಾ ಇದ್ದೀನಿ ಫಿರ್ಮಿನ್' ಅಂತ."

ರಿಕ್ ಅಭ್ಯಾಸಬಲದಿಂದ ಮೃದುವಾಗಿ ತಲೆಯಾಡಿಸಿದ, ಕಾಫಿಯ ಪಾತ್ರೆಯ ಕಡೆ ನೋಡಿದ. ಗ್ರೀಟ್ ಮಾತ್ರ ಮುಂದಕ್ಕೆ ಬಾಗಿದರು.

"ನಿಮಗೆ ಬೇರೆ ದನಿಗಳೂ ಕೇಳುತ್ತವಲ್ಲ. ಅವೂ ಹೀಗೇ ಇರ್ತವಾ?"

"ಇಲ್ಲ," ಎಂದ ಫಿರ್ಮಿನ್. "ನನ್ನವು ಇಬ್ಬರು. ಒಂದು ಹೆಂಗಸು, ಒಂದು ಗಂಡಸು. ನನ್ನ ಹೆಸರು ಹೇಳಲ್ಲ, 'ಇವನು ಈಗ ಕೂತ, ಇವನು ಈಗ ಎದ್ದ' ಅಂತ ಅವರವರೇ ಮಾತಾಡ್ಕೊಳ್ತಾರೆ. ಎಲ್ಲಿ ಹೋದ್ರೂ ಇರ್ತಾರೆ. ಕಿವಿ ಮುಚ್ಕೊಂಡ್ರೂ ಕಮ್ಮಿ ಆಗಲ್ಲ. ಪೆಟ್ಟಿಗೆಯವನು ಹಾಗಲ್ಲ. ಕಿವಿ ಮುಚ್ಕೊಂಡ್ರೆ ಅವನ ದನಿ ಸಣ್ಣದಾಗುತ್ತೆ. ನಾಲ್ಕು ಹೆಜ್ಜೆ ಮುಂದೆ ಹೋದ್ರೆ ಕೇಳಲ್ಲ. ಮತ್ತೆ ಅವನು ಆಂಟ್‌ವರ್ಪಿನವರ ಥರ ಮಾತಾಡ್ತಾನೆ."

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಎಲ್ಲರಿಗೂ ಹೇಳ್ದೆ. ಎಮಿಲ್ ಬನ್ನು ಕೊಟ್ಟ. ಯೋರಿಸ್ ನನ್ನ ಸೈಕಲ್ಲಿಗೆ ಗಾಳಿ ಹಾಕ್ದ. ಎಲ್ಲರೂ ತುಂಬಾ ಒಳ್ಳೆಯವರು."

ಪೊಲೀಸಿನವರ ಮುಖ ಕೆಂಪಾಗುವುದು ಅಪರೂಪ. ರಿಕ್‌ನದು ಆಯಿತು.

ಅಂದು ಸಂಜೆ ನಾಲ್ಕಕ್ಕೆ ಗ್ರೀಟ್ ಕಾಲಂಟ್ ಅವರನ್ನು ಠಾಣೆಗೆ ಕರೆಸಿದರು. ಆ ಪೆಟ್ಟಿಗೆಯಲ್ಲಿ ಸ್ಪೀಕರ್ ಇದೆ ಎಂದು ಮೊದಲ ದಿನವೇ ಅವರು ಹೇಳಿದ್ದರು. ಬೀದಿಯವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದ ಗ್ರೀಟ್‌ಗೆ ಫಿರ್ಮಿನ್‌ನ ಮಾತು ಆವರೆಗೆ ತಲುಪಿರಲಿಲ್ಲ.

"ಪೆಟ್ಟಿಗೆಯಿಂದ ಫಿರ್ಮಿನ್ ಹತ್ರ ಮಾತಾಡ್ತಿದ್ರಾ?"

"ಹೌದು. ಗೇಟು ಮುಟ್ಟಬೇಡ ಅಂತ ಹೇಳ್ತಿದ್ದೆ."

"'ನೋಡ್ತಾ ಇದ್ದೀನಿ' ಅಂತಾನೂ?"

"ಹೇಳಿರಬಹುದು. ಕಳ್ಳರಿಗೆ ಹಾಗೇ ಹೇಳೋದಲ್ವಾ? ಮನೇಲಿ ಹೆಂಡತಿ ಒಬ್ಬಳೇ ಇರ್ತಾಳೆ."

"ಹೆಸರು ಹೇಗೆ ಗೊತ್ತಾಯ್ತು?"

"ನಾವು ಬಂದ ದಿನ ಸಾಮಾನು ಇಳಿಸೋಕೆ ಬಂದಿದ್ದ. ಆಗ ಅವನೇ ಹೇಳ್ದ."

ಗ್ರೀಟ್ ಅವರಿಗೆ ಚಿಲಕದ ಕತೆ ಹೇಳಿದರು. ಆಮೇಲೆ, ಯಾರೋ ನನ್ನನ್ನು ನೋಡುತ್ತಿದ್ದಾರೆ ಎಂಬ ಭಯವೇ ಆ ಕಾಯಿಲೆಯ ಮುಖ್ಯ ಹಿಂಸೆ ಎಂದೂ, ಮೂವತ್ತು ವರ್ಷ ಆ ಭಯವನ್ನು ಕಷ್ಟಪಟ್ಟು ಪಳಗಿಸಿಕೊಂಡವನಿಗೆ ಗೋಡೆಯೇ ಹೆಸರು ಹಿಡಿದು ಕರೆದಂತಾಯಿತೆಂದೂ ಹೇಳಿದರು. ಕಾಲಂಟ್ ಕೆಟ್ಟ ಮನುಷ್ಯನಲ್ಲ. ಟೋಪಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಅದರ ಅಂಚು ನೋಡುತ್ತಾ ಕುಳಿತರು.

ಪೆಟ್ಟಿಗೆ ಕಿತ್ತವರು ಯಾರು ಎಂಬುದು ಮಾತ್ರ ಹಾಗೇ ಉಳಿಯಿತು. ಅದು ಗೊತ್ತಾಗದಿದ್ದರೆ ಶುಕ್ರವಾರ ಸಮಿತಿಯ ಮುಂದೆ ಫಿರ್ಮಿನ್ ಹೆಸರೇ ಇರುತ್ತದೆ. ಅವನಿಗೆ ಕಾರಣವಿತ್ತು, ಅವನ ಮಾತಿಗೆ ಬೇರೆ ಸಾಕ್ಷಿ ಇರಲಿಲ್ಲ.

ಗುರುವಾರ ಬೆಳಿಗ್ಗೆ ಗ್ರೀಟ್ ಕಾಫಿ ಕುಡಿಯುತ್ತಾ ಮೂಲೆಮನೆಯಿಂದ ತಂದು ಮೇಜಿನ ಮೇಲಿಟ್ಟಿದ್ದ ಎರಡು ಹೊಸ ಪೆಟ್ಟಿಗೆಗಳನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕಪ್ಪು ಕೆಳಗಿಟ್ಟರು.

"ರಿಕ್, ಆ ಬೀದೀಲಿ ಬಿಡಾರದವರು ಇರೋ ಮನೆ ಎಷ್ಟು?"

"ಮೂರು ಮೇಡಂ. ಎಮಿಲ್, ಯೋರಿಸ್, ಲಿಯೋನಿ ಅಮ್ಮ."

"ಪೆಟ್ಟಿಗೆ ಬಂದಿದ್ದು?"

"ಎರಡು." ರಿಕ್‌ನ ಕೈ ಬಿಸ್ಕತ್ತಿನ ಪೊಟ್ಟಣದಲ್ಲೇ ನಿಂತಿತು.

"ಎಲ್ಲರಿಗಿಂತ ಜಾಸ್ತಿ ಅನುಮಾನ ಇರಬೇಕಾಗಿದ್ದು ಯಾವ ಮನೆಗೆ? ಹೊಸ ದನಿ ಅಂತ ನರ್ಸಿಗೆ ಹೇಳಿದೋರು ಯಾರು? ಅವರು ಯಾಕೆ ಅಂಗಡಿಗೆ ಓಡ್ಲಿಲ್ಲ?"

"ಅವನು ಮಾಡಿಲ್ಲ ಅಂತ ಗೊತ್ತಿತ್ತು ಅವರಿಗೆ," ಎಂದ ರಿಕ್ ನಿಧಾನವಾಗಿ. ಆಮೇಲೆ ಪೊಟ್ಟಣ ಮುಚ್ಚಿಟ್ಟ. "ಅಯ್ಯೋ, ಲಿಯೋನಿ ಅಮ್ಮಾ."

ಹತ್ತೂ ಕಾಲಿಗೆ ಅವರು ಹೋದಾಗ ಲಿಯೋನಿ ಹಿತ್ತಿಲಿನಲ್ಲಿ ಈರುಳ್ಳಿ ಸೊಪ್ಪಿನ ಮಡಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ಕಳೆ ಕೀಳುವ ಚಪ್ಪಟೆ ಬಾಯಿಯ ಉಳಿ ಇತ್ತು. ಗ್ರೀಟ್ ಅದನ್ನು ನೋಡಿದರು. ಗ್ರೀಟ್ ನೋಡಿದ್ದನ್ನು ಲಿಯೋನಿಯೂ ನೋಡಿದರು.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ ಅಮ್ಮ?"

"ಅವನ ಹಿಂದೆ ಹೋಗಿದ್ದೆ."

"ಯಾಕೆ?"

"ಮಾತ್ರೆ ಜಾಸ್ತಿ ಆದ್ಮೇಲೆ ಅವನ ಕಾಲು ತಡವರಿಸ್ತಿತ್ತು. ರಸ್ತೆ ದಾಟೋವಾಗ ಬಿದ್ದುಬಿಟ್ರೆ ಅಂತ. ಅವನಿಗೆ ಗೊತ್ತಾಗ್ದಂಗೆ ಹಿಂದೆ ಹಿಂದೆ ಹೋದೆ. ಮೂಲೆಮನೆ ಹತ್ರ ಅವನು ಚಿಲಕ ಹಾಕ್ದ. ಆಗ ಕೇಳ್ತು." ಲಿಯೋನಿ ನೆಲದ ಮೇಲೆ ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕುಳಿತರು. "ನಂಗೇ ಕೇಳ್ತು. 'ನೋಡ್ತಾ ಇದ್ದೀನಿ ಫಿರ್ಮಿನ್.' ಮೂರು ವಾರ ಅವನು ಬಂದು ಹೇಳ್ತಿದ್ದ, ಚಿಕ್ಕಮ್ಮ, ಆ ಮನೆ ಗೋಡೆ ಮಾತಾಡುತ್ತೆ ಅಂತ. ನಂಗೆ ಕೇಳ್ಸಲ್ಲ ಕಣೋ, ನಿಂಗೆ ಕೇಳ್ಸ್ತಿರಬಹುದು ಅಂತ ನಾನು ಅಂದೆ. ನಮ್ಮಮ್ಮ ಕಲಿಸಿದ್ದು ಅದು. ನಾಲ್ಕು ಮನೆ ನಡೆದು ಹೋಗಿ ಕೇಳೋಣ ಅಂತ ಒಂದು ದಿನ ಅನ್ನಿಸ್ಲಿಲ್ಲ. ಅದರ ಬದಲು ಅವನಿಗೆ ಮಾತ್ರೆ ಜಾಸ್ತಿ ಮಾಡಿಸ್ದೆ."

ಅವರು ಅಳಲಿಲ್ಲ. ದುಃಖಕ್ಕಿಂತ ಹೆಚ್ಚಾಗಿ ಅವರಿಗೆ ತಮ್ಮ ಮೇಲೇ ಬಂದಿದ್ದ ಕೋಪ ಇನ್ನೂ ಇಳಿದಿರಲಿಲ್ಲ.

"ಆಮೇಲೆ?"

"ಮನೆಗೆ ಓಡಿ ಬಂದೆ. ಉಳಿ ತಗೊಂಡೆ, ಪಾತ್ರೆ ಬಟ್ಟೆ ತಗೊಂಡೆ. ನನ್ನನ್ನೂ ನೋಡದೇ ಇರಲಿ ಅಂತ ಬಟ್ಟೆ ಹಾಕ್ದೆ. ಕಿತ್ತೆ. ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ."

"ಎರಡು ದಿನ ಯಾಕೆ ಸುಮ್ಮನಿದ್ರಿ? ಅವನ ಮೇಲೆ ಬಂತಲ್ಲ."

"ಕೇಸಾದ ಮನೇಲಿ ಬಿಡಾರ ಇಡೋಕೆ ಬಿಡ್ತಾರಾ? ಅವನು ಮಾಡ್ದ ಅಂದ್ರೂ ಕರ್ಕೊಂಡು ಹೋಗ್ತಾರೆ, ನಾನು ಮಾಡ್ದೆ ಅಂದ್ರೂ ಕರ್ಕೊಂಡು ಹೋಗ್ತಾರೆ. ಏನು ಮಾಡಬೇಕು ಅಂತ ತಿಳೀದೆ ಆಲೂಗಡ್ಡೆ ಸಿಪ್ಪೆ ತೆಗೀತಾ ಕೂತೆ. ನಾಳೆ ಸಮಿತಿ ಮುಂದೆ ಹೋಗಿ ನಾನೇ ಹೇಳಬೇಕು ಅಂತ ಇದ್ದೆ."

ಈರುಳ್ಳಿ ಮಡಿಯ ಮೂಲೆಯಲ್ಲಿ ಒಂದು ಗೇಣು ಆಳದಿಂದ ಪೆಟ್ಟಿಗೆಯನ್ನು ರಿಕ್ ಅಗೆದು ತೆಗೆದ. ನೀಲಿ ಚೌಕುಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಅದನ್ನು ಜಪ್ತಿ ಮಾಡುವಾಗ ಪಂಚರ ಸಹಿ ಬೇಕಿತ್ತು. ಬೇಲಿಯಾಚೆಯಿಂದ ಎಮಿಲ್ ಬಂದು ಹಿಟ್ಟಿನ ಕೈಯಲ್ಲೇ ಒಂದು ಸಹಿ ಹಾಕಿದ. ಇನ್ನೊಬ್ಬರು ಬೇಕಿತ್ತು.

"ನಾನು ಹಾಕ್ಲಾ?" ಎಂದ ಫಿರ್ಮಿನ್. ಅವನು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದನೋ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮದು ಬೇರೆ ಇದೆ. ಠಾಣೆಗೆ ಬನ್ನಿ," ಎಂದರು ಗ್ರೀಟ್. ಜಪ್ತಿಗೆ ಎದುರುಮನೆಯ ಅಂಚೆಯವನ ಹೆಂಡತಿಯ ಸಹಿ ಆಯಿತು.

ಹನ್ನೊಂದೂ ಇಪ್ಪತ್ತಕ್ಕೆ ಲಿಯೋನಿ ವೆರ್ಡಾಂಕ್ ಅವರನ್ನು ಬಂಧಿಸಲಾಯಿತು ಎಂದು ದಾಖಲೆ ಹೇಳುತ್ತದೆ. ನಡೆದದ್ದು ಇಷ್ಟು. ರಿಕ್ ಒಲೆ ಆರಿಸಿದ, ಗ್ರೀಟ್ ಹಿಂಬಾಗಿಲು ಹಾಕಿದರು, ಫಿರ್ಮಿನ್ ಚಿಕ್ಕಮ್ಮನ ಉಣ್ಣೆ ಅಂಗಿ ಹುಡುಕಿ ತಂದು ಕಾರಿನಲ್ಲಿ ಅವರ ಪಕ್ಕ ಕುಳಿತ. ದಾರಿಯಲ್ಲಿ ಮೂಲೆಮನೆಯ ಗೇಟು ತೆರೆದಿತ್ತು. ಕಾರು ನಿಲ್ಲಿಸಿ ಅಂತ ಫಿರ್ಮಿನ್ ಕೇಳಿದ, ರಿಕ್ ನಿಲ್ಲಿಸಿದ. ಅವನು ಇಳಿದು ಚಿಲಕ ಹಾಕಿ ಬಂದ.

ಠಾಣೆಯಲ್ಲಿ ನರ್ಸ್ ಹಿಲ್ಡ ಆಗಲೇ ಬಂದು ಕುಳಿತಿದ್ದಳು, ಕಾಲಂಟ್ ಕೂಡ. ಲಿಯೋನಿಯ ಹೇಳಿಕೆ ಓದಿದ ಮೇಲೆ ಹಿಲ್ಡ ಡಾಕ್ಟರಿಗೆ ಫೋನ್ ಮಾಡಿ, ಹೊಸ ದನಿ ನಿಜವಾದ ದನಿಯಂತೆ, ಮಾತ್ರೆ ಹಳೆಯ ಅಳತೆಗೆ ಇಳಿಸಬೇಕು ಎಂದಳು.

"ಮನೆ?" ಎಂದರು ಲಿಯೋನಿ.

"ಸಮಿತೀಲಿ ನಾನೂ ಇದ್ದೀನಿ ಅಮ್ಮ. ಬಿಡಾರದವನಿಗೋಸ್ಕರ ಪೆಟ್ಟಿಗೆ ಕಿತ್ತ ಮನೇನ ಪಟ್ಟಿಯಿಂದ ತೆಗೀಬೇಕು ಅಂತ ಯಾರಾದ್ರೂ ಹೇಳ್ಲಿ, ನೋಡ್ತೀನಿ. ಮೂರು ವಾರ ನಾನೂ ಹೋಗಿ ಕೇಳ್ಲಿಲ್ಲ. ಅದನ್ನೂ ಹೇಳ್ತೀನಿ."

ಕಾಲಂಟ್ ದೂರು ವಾಪಸ್ ತೆಗೆದುಕೊಳ್ಳಲು ಬಂದಿದ್ದರು. ಎಫ್‌ಐಆರ್ ಹರಿದು ಹಾಕುವ ವಸ್ತುವಲ್ಲ ಎಂದು ಗ್ರೀಟ್ ವಿವರಿಸಬೇಕಾಯಿತು. ಲಿಯೋನಿಯನ್ನು ಸಹಿ ಹಾಕಿಸಿಕೊಂಡು ಸಂಜೆಯೇ ಮನೆಗೆ ಬಿಟ್ಟರು. ಮುಂದೆ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಿದರು. ಎರಡು ಹೊಸ ಪೆಟ್ಟಿಗೆಗಳನ್ನು ಕಾಲಂಟ್ ತಾವೇ ಹೊತ್ತುಕೊಂಡು ಹೋಗಿ ಎಮಿಲ್‌ಗೂ ಯೋರಿಸ್‌ಗೂ ಹಿಂದಿರುಗಿಸಿದರು. ಹೆಂಡ್ರಿಕ್ ಒಂದನ್ನು ಅಂದೇ ಬಿಚ್ಚಿ ಹಾಕಿದ ಎಂದು ಕೇಳಿದ್ದೇನೆ.

ಆದರೆ ಆ ಗುರುವಾರದ ಕೊನೆಯ ಕೆಲಸ ಫಿರ್ಮಿನ್‌ನ ಹೇಳಿಕೆ. ಗ್ರೀಟ್ ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು, ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದರು. "ಸದರಿ ಪೆಟ್ಟಿಗೆಯು ಸಾಕ್ಷಿದಾರರ ಹೆಸರು ಹಿಡಿದು ಮಾತಾಡುತ್ತಿತ್ತು. ಇದು ನಿಜವೆಂದು ತನಿಖೆಯಿಂದ ದೃಢಪಟ್ಟಿದೆ."

"ಇನ್ನೊಂದು ಸಲ ಓದ್ತೀರಾ?" ಎಂದ ಫಿರ್ಮಿನ್.

ಗ್ರೀಟ್ ಮತ್ತೆ ಓದಿದರು. ಫಿರ್ಮಿನ್ ಲಿಯೋನಿಯ ಕಡೆ ತಿರುಗಿದ. "ಕೇಳ್ತಾ ಚಿಕ್ಕಮ್ಮ?"

"ಕೇಳ್ತು ಕಣೋ," ಎಂದರು ಲಿಯೋನಿ. "ನಂಗೂ ಕೇಳ್ತು."

ಅವನು ಪೆನ್ನು ತೆಗೆದುಕೊಂಡ. ಅವನ ಬದುಕಿನಲ್ಲಿ ಅವನ ಬಗ್ಗೆ ಬರೆದ ಕಾಗದಗಳು ಆಸ್ಪತ್ರೆಯ ಎರಡು ಕಪಾಟು ತುಂಬ ಇದ್ದವು. ಎಲ್ಲದರಲ್ಲೂ ಅವನ ಹೆಸರಿನ ಮುಂದೆ ರೋಗಿ ಎಂದಿತ್ತು. ಗ್ರೀಟ್ ತೋರಿಸಿದ ಜಾಗದಲ್ಲಿ ಸಾಕ್ಷಿ ಎಂದಿತ್ತು. ಫಿರ್ಮಿನ್ ಆ ಪದವನ್ನು ನೋಡಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ನಿಧಾನವಾಗಿ ಪೂರ್ತಿ ಹೆಸರು ಬರೆದ.